ಬೆರಿಲ್‌ಳ ಮಂಡಿ, ಕ್ಲೈವ್‌ನ ಕೊಳ

ಆಸ್ಟ್ರೇಲಿಯಾದಲ್ಲಿ ಬೇಸಿಗೆಯಾದ ಜನವರಿಯ ಸೆಕೆಯ ಬೆಳಗ್ಗೆ, ಬ್ರಿಸ್ಬೇನಿನ ಈಜುಕೊಳದ ಸಾಮಾನಿನ ಅಂಗಡಿಯಲ್ಲಿ, ಕೊಳದ ನೀರು ಪರೀಕ್ಷೆ ಮಾಡಿಸಲು ಬಾಟಲಿ ಹಿಡಿದು ನಿಂತಿದ್ದ ಮುದುಕ ಲೆಸ್‌ಗೆ ಮುಂದಿದ್ದ ಗಂಡ ಹೆಂಡಿರ ಮಾತು ಕೇಳಿಸಿತು. ಅವರ ಬಾಟಲಿಯ ನೀರು ಕಡುಹಸಿರಾಗಿತ್ತು.

“ಡಬ್ಬ ಪೂರ್ತಿ ಕ್ಲೋರಿನ್ ಸುರಿದೆ ಕಣೇ ಬೆರಿಲ್.”

“ಮಟಮಟ ಮಧ್ಯಾಹ್ನ ಸುರಿದ್ರೆ ಬಿಸಿಲೇ ಕುಡಿದುಬಿಡುತ್ತೆ ಕ್ಲೈವ್! ಸಂಜೆ ಹಾಕು ಅಂತ ಬಡ್ಕೊಂಡೆ.”

“ನೀರು ಸೋಸೋ ಪಂಪ್ ಓಡಿಸಿದ್ನಲ್ಲ!”

“ಓಡಿಸಿದೆ. ಕ್ರಿಕೆಟ್ ಕಾಮೆಂಟರಿ ಕೇಳ್ಸಲ್ಲ ಅಂತ ನಿಲ್ಲಿಸಿದ್ದು ಯಾರು, ನಾಯಿನಾ?”

“ಟೆಸ್ಟ್ ಮ್ಯಾಚು ಕಣೇ…”

“ನಂದು ಆಪರೇಷನ್ ಆದ ಮಂಡಿ. ದಿನಾ ನೀರಲ್ಲಿ ನಡೀದಿದ್ರೆ ಬಿಗಿದುಕೊಳ್ಳುತ್ತೆ ಅಂದಿದಾರೆ ಡಾಕ್ಟ್ರು. ಆ ಪಾಚೀಲಿ ಕಪ್ಪೆ ಜೊತೆ ನಡೀಲಾ? ನಮ್ಮ ಬೀದಿ ಗ್ಲೆನಿಸ್ ಮನೆ ಕೊಳಕ್ಕೇ ಹೋಗ್ತೀನಿ.”

“ಬೇಡ ಕಣೇ! ಅವಳ ಗಂಡ ಬೀದಿಗೆಲ್ಲ ಹೇಳ್ಕೊಂಡು ನಗ್ತಾನೆ.”

“ನಗಲಿ. ನನಗೆ ನಡೀಬೇಕು.”

ಅದೇ ವಾರದ ಗುರುವಾರ ಬೆರಿಲ್ ಕೋಲೂರಿಕೊಂಡು ಒಬ್ಬಳೇ ಗ್ಲೆನಿಸ್ ಮನೆ ಕೊಳಕ್ಕೆ ಹೊರಟುಹೋದಳು.