ಹೊಟ್ಟೆ ತುಂಬಿದ ಕಾರ್ಡು

ಬೇಸಿಗೆಯ ಬೆಳಗು. ಹಾಲು ತಂದವರ ಸಾಲು ಡೈರಿಯ ಬಾಗಿಲು ದಾಟಿ ಬಿಸಿಲಿಗೆ ಬಂದಿತ್ತು. ಎಲ್ಲರಿಗಿಂತ ಮುಂದಿದ್ದ ಮುದುಕಿ ಕ್ಯಾನಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಒಳಗಿನ ಮಾತಿಗೆ ಕಿವಿಗೊಟ್ಟಿದ್ದಳು. ತೂಕ ಬರೆದುಕೊಳ್ಳುವ ಅಂಗೈಯಗಲದ ಕಂಪ್ಯೂಟರಿನ ಮುಂದೆ ಕಾರ್ಯದರ್ಶಿಯೂ, ರಿಪೇರಿಗೆ ಬಂದ ಅವನ ಹೆಂಡತಿಯ ಅಣ್ಣನೂ ಬಗ್ಗಿದ್ದರು.

"ಏನಂತೆ ಭಾವ?"

"ಒಳಗಿನ ಮೆಮೊರಿ ಕಾರ್ಡು ಭರ್ತಿಯಂತೆ. ಲೆಕ್ಕ ಹೊರಗೆ ಸಿಕ್ಸೋ ಡಿಸ್ಕಿಗಲ್ವಾ ಹೋಗ್ಬೇಕಾದ್ದು? ಅದೇ ಕಾಣ್ತಿಲ್ಲ ಇದಕ್ಕೆ."

"ಮೂರು ಸಲ ಆಫ್ ಮಾಡಿ ಆನ್ ಮಾಡ್ದೆ."

"ಮೂವತ್ತು ಸಲ ಮಾಡು! ಈ ಯುಎಸ್‌ಬಿ ವೈರು ಎಲ್ಲಿಗೆ ಹೋಗಿದೆ?"

"...ಫ್ಯಾನಿಗೆ."

"ಡಿಸ್ಕ್ ಕಿತ್ತು ಫ್ಯಾನ್ ಸಿಕ್ಸಿದ್ದೀಯಾ ಮಹರಾಯ?"

"ಸೆಕೆ ಭಾವ. ಹದಿನೈದು ದಿನದಿಂದ ಅದೂ ಏನೂ ಅನ್ನಲಿಲ್ಲ."

"ಅನ್ನೋಕೆ ಅದಕ್ಕೇನು ಬಾಯಿದ್ಯಾ? ಡಿಸ್ಕ್ ಸಿಗದೆ ಎಲ್ಲಾನೂ ತನ್ನ ಹೊಟ್ಟೇಲೇ ತುಂಬ್ಕೊಂಡಿದೆ. ಕೊಡಿಲ್ಲಿ ಡಿಸ್ಕು, ಅದಕ್ಕೆ ಸಾಗಿಸ್ತೀನಿ."

"ಕಳೆದುಹೋದೀತು ಅಂತ ಮನೆ ಬೀರೂಲಿ ಇಟ್ಟಿದ್ದೀನಿ. ಬೀಗದ ಕೈ ನಿಮ್ಮ ತಂಗಿ ಹತ್ರ."

"ಅವಳು?"

"ಹೊಲಕ್ಕೆ ಹೋಗಿದ್ದಾಳೆ."

ಮುದುಕಿಗೆ ತಡೆಯಲಾಗಲಿಲ್ಲ. "ಹಾಳೆ ಮೇಲೆ ಬರ್ಕೊಳ್ಳೋ ಮಾರಾಯ, ಹಾಲು ಕೆಡುತ್ತೆ."

"ಮಿಷನ್ ಚೀಟಿ ಇಲ್ದೆ ಟ್ಯಾಂಕಿಗೆ ಹಾಕೋ ಹಾಗಿಲ್ಲ ಅಜ್ಜಿ. ಈಗ ಬಂದ್ವಿ."

ಭಾವಮೈದುನರಿಬ್ಬರೂ ಬೈದಾಡುತ್ತಲೇ ಬೈಕ್ ಹತ್ತಿ ಹೊಲದ ದಾರಿ ಹಿಡಿದರು.

ಮುದುಕಿ ಮುಚ್ಚಳ ತೆಗೆದು ಮೂಸಿದಳು. ಹಿಂದಿದ್ದವಳ ಕಡೆ ತಿರುಗಿ, "ನೀನು ಮುಂದೆ ಬಾರಮ್ಮ. ನಂದು ಇನ್ನು ತೂಗಿದರೂ ಒಂದೇ, ಬಿಟ್ಟರೂ ಒಂದೇ" ಎಂದು ಕ್ಯಾನೆತ್ತಿಕೊಂಡು ಮನೆಯತ್ತ ನಡೆದಳು.