ಕುರಿ ಇಲಾಖೆಯ ಸಾಹೇಬ

ಇಂದಿನ ಸ್ನೇಹ ಸಮ್ಮೇಳನದ ಅಧ್ಯಕ್ಷತೆ ವಹಿಸಿರುವ ನಮ್ಮೂರ ಗೌಡರಾದ ಬಸಂತರಾಯರೇ, ಸಿಂದಗಿಯಿಂದ ದಯಮಾಡಿಸಿರುವ ಮುಖ್ಯ ಅತಿಥಿ ವಿದ್ಯಾವತಿ ಮೇಡಂ ಅವರೇ, ನಮ್ಮ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದ ಸಂಜೀವಕುಮಾರ ಸರ್ ಅವರೇ, ಗುರುವೃಂದದವರೇ, ಹತ್ತನೇ ಇಯತ್ತೆಯ ಮಕ್ಕಳೇ, ಹೆಣ್ಣುಮಕ್ಕಳ ಸಾಲಿನಲ್ಲಿ ಮುಂದೆಯೇ ಕೂತು ನಾನು ಎಲ್ಲಿ ತಪ್ಪುತ್ತೇನೆ ಎಂದು ಕಾಯುತ್ತಿರುವ ನನ್ನ ಹೆಂಡತಿ ಶೇವಂತೆವ್ವಾ, ಮತ್ತು ಸಮಸ್ತ ಸಭಿಕರೇ,

ನಿಮ್ಮ ಕೈಯಲ್ಲಿರುವ ಕಾಗದದಲ್ಲಿ ‘ನೌಕರಿಯ ಸಂದರ್ಶನಕ್ಕೆ ತಯಾರಿ ಹೇಗೆ?’ ಎಂಬ ಉಪನ್ಯಾಸ ಇದೆ ಎಂದು ಅಚ್ಚಾಗಿದೆ. ಉಪನ್ಯಾಸ ಮಾಡುವವರು ಶ್ರೀಮತಿ ಪ್ರಿಯದರ್ಶಿನಿ, ಬಸ್ ಕಂಡಕ್ಟರ್, ಇಂಡಿ ಎಂದೂ ಇದೆ. ಆದರೆ ಎದ್ದು ನಿಂತವನು ರುಮಾಲು ಸುತ್ತಿದ ಈ ಚಂದಪ್ಪ. ಪ್ರಿಯದರ್ಶಿನಿ ನನ್ನ ಸೊಸೆ. ಇವತ್ತು ಅವಳಿಗೆ ಡ್ಯೂಟಿ ಇದೆ. ರಜೆ ಹಾಕಿ ಬನ್ನಿ ಎಂದು ಮುಖ್ಯೋಪಾಧ್ಯಾಯರು ಕೇಳಿದರಂತೆ. ಅದಕ್ಕೆ ಅವಳು, "ನಾ ಯಾಕ್ರಿ ಸರ್? ನಾ ಸಂದರ್ಶನಕ್ಕ ಕುಂತಾಕಿ ಅಷ್ಟ. ತಗೊಂಡಾವ್ರು ನಮ್ಮ ಮಾವನೋರು. ಅವರನ್ನ ಕರೀರಿ" ಎಂದಳಂತೆ.

ಮಕ್ಕಳೇ, ನಗಬೇಡಿ. ನಾನು ನಾಲ್ಕನೇ ಇಯತ್ತೆಯವರೆಗೆ ಓದಿ ಕುರಿಗಳ ಹಿಂದೆ ಹೋದವನು. ಅಲ್ಲಿ ಯಾರೂ ನನಗೆ ಸಂದರ್ಶನ ಮಾಡಲಿಲ್ಲ. ಬಡಿಗೆ ಹಿಡಿದೆ, ಕಂಬಳಿ ಹೊದ್ದೆ, ಕುರಿಗಳು ನನ್ನ ಹಿಂದೆ ಬಂದವು. ನನಗೆ ಬರುವುದು ಎರಡೇ ವಿದ್ಯೆ, ಕುರಿ ಕಾಯುವುದು ಮತ್ತು ಸಂಜೆ ಕಟ್ಟೆಯ ಮೇಲೆ ಕೂತು ಕಥೆ ಹೇಳುವುದು. ಆದರೂ ನನ್ನ ಸೊಸೆ ಹೇಳಿದ್ದು ಸುಳ್ಳಲ್ಲ. ಅವಳ ಮೊದಲ ಸಂದರ್ಶನವನ್ನು ತೆಗೆದುಕೊಂಡವನು ನಾನೇ. ಅದು ಹೇಗೆ ಎಂಬುದೇ ಇವತ್ತಿನ ಉಪನ್ಯಾಸ.

ಇದು ತೊಂಬತ್ತೆಂಟನೇ ಇಸವಿಯ ಮಾತು. ನನ್ನ ಮಗ ಕಾಂತು ಆಗಲೂ ಇಂಡಿಯ ನಿಂಬೆಹಣ್ಣಿನ ಬಜಾರದಲ್ಲಿಯೇ ಕೆಲಸಕ್ಕಿದ್ದ. ಹೆಣ್ಣುಮಕ್ಕಳನ್ನೂ ಕಂಡಕ್ಟರ್ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ ಎಂಬ ಸುದ್ದಿಯನ್ನು ಮನೆಗೆ ತಂದವನು ಅವನು. ಸೊಸೆ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಅರ್ಜಿ ಹೋಯಿತು. ಬಿಜಾಪುರಕ್ಕೆ ಸಂದರ್ಶನಕ್ಕೆ ಬಾ ಎಂದು ಕರೆಯೂ ಬಂತು. ಇದೆಲ್ಲ ಅಡುಗೆಮನೆಯೊಳಗೇ ನಡೆದುಹೋಯಿತು. ನನಗೆ ಗೊತ್ತಾದದ್ದು ಎಲ್ಲರಿಗಿಂತ ಕೊನೆಗೆ.

ಯಾಕೆ ಕೊನೆಗೆ? ಮೇಡಂ ಅವರೇ, ನಮ್ಮ ಮನೆತನಗಳಲ್ಲಿ ಸೊಸೆಯಾದವಳು ಮಾವನ ಎದುರು ನಿಲ್ಲುವುದಿಲ್ಲ, ಸೆರಗು ತೆಗೆಯುವುದಿಲ್ಲ, ಮಾತಾಡುವುದಿಲ್ಲ. ನಾನು ಹೊರಗೆ ಕೂತು ನೀರು ಎಂದರೆ ತುಂಬಿದ ತಂಬಿಗೆ ಹೊಸ್ತಿಲ ಮೇಲೆ ಬಂದು ಕೂರುತ್ತಿತ್ತು. ತಂದವಳ ಬಳೆಯ ಸದ್ದು ಕೇಳುತ್ತಿತ್ತು, ದನಿ ಕೇಳುತ್ತಿರಲಿಲ್ಲ. ಹೇಳಬೇಕಾದದ್ದನ್ನು ಶೇವಂತೆವ್ವನಿಗೆ ಹೇಳುತ್ತಿದ್ದೆ, ಶೇವಂತೆವ್ವ ಒಳಗೆ ಹೇಳುತ್ತಿದ್ದಳು. ನಮ್ಮೂರಿಗೆ ಫೋನು ಬರುವ ಮೊದಲೇ ನಮ್ಮ ಮನೆಯಲ್ಲಿ ಫೋನಿತ್ತು.

ಒಂದು ದಿನ ಆ ಫೋನು ತಾನೇ ಮಾತಾಡಿತು. "ಅಲ್ರೀ, ಬಿಜಾಪುರದಾಗ ಮೂರು ಮಂದಿ ಸಾಹೇಬ್ರು ಕುಂತಿರ್ತಾರಂತ. ಅವರೂ ನಿಮ್ಮಂಥ ಮೀಸಿ ಹೊತ್ತ ಗಂಡಸ್ರು. ನಿಮ್ಮ ಮುಂದ ಬಾಯಿ ಬಿಡದಾಕಿ ಅವರ ಮುಂದ ಹೆಂಗ ಬಿಡ್ತಾಳು? ನೀವು ಸಾಹೇಬ ಆಗ್ರಿ."

"ನಾ ಏನ್ ಆಗ್ಲಿ?"

"ಸಾಹೇಬ! ಕುರ್ಚಿ ಮ್ಯಾಲ ಕುಂದ್ರೂದು, ಕೇಳೂದು. ಅಷ್ಟ. ಕಲ್ಲು ಒಡೀರಿ ಅನ್ನಾಕತ್ತಿಲ್ಲ ನಾ."

ನಾನು ಒಪ್ಪಿದೆ. ಯಾಕೆ ಒಪ್ಪಿದೆ? ಇದು ಆಟ ಎಂದುಕೊಂಡೆ. ಆಡಿಕೊಳ್ಳಲಿ, ಬಿಜಾಪುರಕ್ಕೆ ಹೋಗುವ ದಿನ ಬಂದಾಗ ಬೇಡ ಅಂದರಾಯಿತು ಎಂದುಕೊಂಡೆ. ಸೊಸೆಯ ತೋಳಿಗೆ ಚೀಲ ಹಾಕಿ, ಬಸ್ಸು ತುಂಬ ಗಂಡಸರ ನಡುವೆ ನಿಲ್ಲಿಸುವ ಧೈರ್ಯ ನನಗಿರಲಿಲ್ಲ.

ಬಸಂತರಾಯರ ಮನೆಯಿಂದ ಕುರ್ಚಿ ಬಂತು. ಅವರ ಹಳೆಯ ಕೋಟು ಬಂತು. ಸಾಹೇಬ ಎಂದ ಮೇಲೆ ಕನ್ನಡಕ ಬೇಡವೇ? ಅವರ ಹಳೆಯ ಕನ್ನಡಕವೂ ಬಂತು. ಗೌಡರೇ, ನಿಮ್ಮ ಕಣ್ಣು ಅಷ್ಟು ಹಾಳಾಗಿದೆ ಎಂದು ನನಗೆ ಗೊತ್ತಾದದ್ದು ಅಂದೇ. ಅದನ್ನು ಹಾಕಿಕೊಂಡರೆ ನನಗೆ ಕಂಬವೂ ಎಮ್ಮೆಯೂ ಒಂದೇ ಆಗಿ ಕಂಡವು. ನನ್ನ ಹೆಂಡತಿಗೆ ಬೇಕಾದದ್ದೂ ಅದೇ. "ಈಗ ನಿನ್ನ ಮಾವಗ ನಿನ್ನ ಮಾರಿ ಕಾಣಂಗಿಲ್ಲ. ಹೆದರಬ್ಯಾಡ" ಎಂದು ಒಳಗೆ ಹೇಳಿದ್ದು ನನಗೆ ಕೇಳಿಸಿತು.

ಮೊದಲ ದಿನ ಸೊಸೆ ಬಾಗಿಲ ಹಿಂದೆ ನಿಂತಳು. ನಾನು ಕೆಮ್ಮಿದೆ. "ನಿನ್ನ ಹೆಸರೇನವಾ?" ಎಂದೆ. ಬಳೆ ಸದ್ದಾಯಿತು. "ಗಂಡನ ಹೆಸರೇನು?" ಎಂದೆ. ಬಳೆಯೂ ಸುಮ್ಮನಾಯಿತು. "ನಾಪಾಸು!" ಎಂದು ಕೂಗಿದೆ.

ಶೇವಂತೆವ್ವ ಒಲೆ ಬಿಟ್ಟು ಎದ್ದು ಬಂದಳು. "ಯಾವ ಸಾಹೇಬ ಹಂಗ ಒದರ್ತಾನ? ಕುರಿ ಹೊಡದಂಗ ಆತಲ್ಲ ಇದು! ಮೊದಲ ನೀವು ಕೇಳೂದು ಕಲೀರಿ."

ಆಮೇಲೆ ಸಂಜೀವಕುಮಾರ ಸರ್ ನನಗೆ ಒಂದು ಹಾಳೆಯ ತುಂಬ ಪ್ರಶ್ನೆ, ಸೊಸೆಗೆ ಕೆಲವು ಉತ್ತರ ಬರೆದುಕೊಟ್ಟರು. ಆಗಿನ್ನೂ ಅವರು ಹೊಸ ಮಾಸ್ತರರು. ಕನ್ನಡಕ ಹಾಕಿಕೊಂಡು ನನಗೆ ಓದಲು ಬರುತ್ತಿರಲಿಲ್ಲ. ಹಾಗಾಗಿ ಹಗಲೆಲ್ಲ ಅಡವಿಯಲ್ಲಿ ಕುರಿಗಳ ಮುಂದೆ ಪ್ರಶ್ನೆಗಳನ್ನು ಬಾಯಿಪಾಠ ಮಾಡಿ, ಸಂಜೆ ಬಂದು ಕೇಳುತ್ತಿದ್ದೆ. ಸಂದರ್ಶನಕ್ಕೆ ತಯಾರಿ ಎಂದರೆ ಉತ್ತರ ಕೊಡುವವರದು ಮಾತ್ರ ಎಂದು ತಿಳಿಯಬೇಡಿ.

ಕೆಲವು ದಿನ ಕಳೆದ ಮೇಲೆ ಒಂದು ಸಂಜೆ ಕೇಳಿದೆ. "ಕುಡದಾಂವ ಒಬ್ಬಾಂವ ಬಸ್ ಹತ್ತಿ ಗದ್ದಲ ಹಾಕಿದ್ರ ಏನ್ ಮಾಡ್ತಿ?"

"ಇಳಸ್ತೇನ್ರಿ."

ಸಭಿಕರೇ, ಕತ್ತಲಲ್ಲಿ ಒಂದು ಮರಿ ಕೂಗಿದರೆ ಅದು ಯಾವ ತಾಯಿಯದು ಎಂದು ಹೇಳುವವನು ನಾನು. ಇಷ್ಟು ಕುರಿಗಳ ದನಿ ಬಲ್ಲವನಿಗೆ, ನನ್ನ ಮನೆಯಲ್ಲಿ ನನಗೆ ರೊಟ್ಟಿ ಬಡಿಯುವವಳ ದನಿ ದಪ್ಪವೋ ತೆಳುವೋ ಗೊತ್ತಿರಲಿಲ್ಲ. ಅದು ತೆಳ್ಳಗಿನ ದನಿಯಲ್ಲ. ಆಳದ ಬಾವಿಯಿಂದ ತುಂಬಿದ ಕೊಡ ಮೇಲೆ ಬಂದ ಹಾಗಿತ್ತು. ಇಷ್ಟು ದಿನ ಇದನ್ನು ಎಲ್ಲಿ ಇಟ್ಟಿದ್ದಳು? ನನಗೆ ಮುಂದಿನ ಪ್ರಶ್ನೆಯೇ ಮರೆತುಹೋಯಿತು.

"ಕೇಳ್ರಿ ಮುಂದ" ಎಂದಳು ಶೇವಂತೆವ್ವ.

"ಇಳಿಯಂಗಿಲ್ಲ ಅಂದ್ರ?"

"ಸೀಟಿ ಹೊಡದು ಬಸ್ ನಿಲ್ಲಸ್ತೇನ್ರಿ. ಅಂವಾ ಇಳಿಯೂತನಾ ಬಸ್ ಹೋಗಂಗಿಲ್ಲ ಅಂತೇನ್ರಿ. ಮನಿಗೆ ಹೋಗೂ ಅವಸರ ಇದ್ದ ಮಂದಿ ತಾವ ಅವನ್ನ ಇಳಸ್ತಾರ್ರಿ."

ಆ ದಿನದಿಂದ ಅವಳು ಬಾಗಿಲು ದಾಟಿ ಈಚೆಗೆ ಬಂದು ನಿಂತಳು. ನನಗೆ ಕಾಣುತ್ತಿದ್ದದ್ದು ಹಸಿರು ಸೀರೆಯ ಒಂದು ಮಬ್ಬು ಮಾತ್ರ. ಆ ಮಬ್ಬು ಮಾತಾಡುತ್ತಿತ್ತು. ದಿನಕ್ಕೆ ಒಂದಿಷ್ಟು ಹೆಚ್ಚು ಮಾತಾಡುತ್ತಿತ್ತು. ನಾನು ಮಧ್ಯಾಹ್ನದಿಂದಲೇ ಸಂಜೆಗೆ ಕಾಯತೊಡಗಿದೆ. ಕುರಿಗಳನ್ನು ಹೊತ್ತಿಗೆ ಮುಂಚೆಯೇ ಮನೆಗೆ ಹೊಡೆದುಕೊಂಡು ಬರುತ್ತಿದ್ದೆ. "ಇನ್ನೂ ಹೊತ್ತು ಮುಳುಗಿಲ್ಲ, ಸಾಹೇಬ್ರ ಕಚೇರಿ ಇಷ್ಟ ಲಗೂ ಚಾಲೂ ಆತೇನು?" ಎಂದು ನನ್ನ ಹೆಂಡತಿ ಚುಚ್ಚುತ್ತಿದ್ದಳು.

ಒಂದು ದಿನ, "ಈ ನೌಕರಿ ನಿನಗ ಯಾಕ ಬೇಕು?" ಎಂದು ಕೇಳಿದೆ.

"ಸಾರ್ವಜನಿಕರ ಸೇವೆ ಮಾಡುವ ಹಂಬಲದಿಂದ ರೀ" ಎಂದಳು. ಅದು ಸರ್ ಬರೆದುಕೊಟ್ಟ ಉತ್ತರ.

"ಅದು ಮಾಸ್ತರರ ಮಾತಾತು. ನಿಂದು ಹೇಳು."

ಬಳೆ ಒಮ್ಮೆ ಸದ್ದಾಯಿತು. ಆಮೇಲೆ ಹೇಳಿದಳು. "ಲಗ್ನಾಗಿ ಈ ಊರಿಗೆ ಬರೂವಾಗ ಬಸ್ಸಿನ್ಯಾಗ ಬಂದ್ಯಾರಿ. ಕಂಡಕ್ಟರ್ ಒಂದ ಸೀಟಿ ಹೊಡದ್ರ ಅಷ್ಟು ದೊಡ್ಡ ಬಸ್ ನಿಂದರತಿತ್ರಿ. ಮತ್ತ ಹೊಡದ್ರ ಹೊಂಡತಿತ್ರಿ. ನನ್ನ ಮಾತಿಗೆ ಮನ್ಯಾಗ ಬೆಕ್ಕೂ ನಿಂದ್ರಂಗಿಲ್ರಿ ಸಾಹೇಬ್ರ."

ಒಳಗೆ ಕಾಂತು ನಕ್ಕ. ನನಗೆ ನಗು ಬರಲಿಲ್ಲ.

ಬಿಜಾಪುರಕ್ಕೆ ಹೋಗುವ ದಿನ ಹತ್ತಿರ ಬಂತು. ಹಾಳೆಯಲ್ಲಿ ಒಂದೇ ಪ್ರಶ್ನೆ ಉಳಿದಿತ್ತು. ನಾನು ಏನೂ ಯೋಚಿಸದೆ ಕೇಳಿಬಿಟ್ಟೆ. "ನಿಮ್ಮ ಮನಿ ಮಂದಿದು ಒಪ್ಪಿಗಿ ಐತೇನು?"

"ನಮ್ಮ ಮನಿಯವರದು ಐತ್ರಿ. ಅತ್ತೀದು ಐತ್ರಿ. ಮಾವನೋರದು ಗೊತ್ತಿಲ್ರಿ."

"ಯಾಕ? ಕೇಳಿಲ್ಲೇನು?"

"ಸೊಸಿಯಾದಾಕಿ ಮಾವನೋರ್ನ ಹೆಂಗ ಕೇಳಬೇಕ್ರಿ? ನೀವು ದೊಡ್ಡ ಸಾಹೇಬ್ರದೀರಿ. ನೀವ ಒಂದು ಮಾತು ಕೇಳಿ ನೋಡ್ರಿ ಅವರನ್ನ."

ಸಭಿಕರೇ, ನನ್ನ ಸ್ಥಿತಿಯನ್ನು ನೋಡಿ. ಕೇಳಬೇಕಾದ ಸಾಹೇಬ ನಾನು. ಹೇಳಬೇಕಾದ ಮಾವನೂ ನಾನು. ಶೇವಂತೆವ್ವನ ಕಡೆ ತಿರುಗಿದೆ. ಕನ್ನಡಕದಲ್ಲಿ ಅವಳೂ ಒಂದು ಮಬ್ಬು.

ನಾನು ಉಪಾಯ ಮಾಡಿದೆ. "ನಿಮ್ಮ ಮಾವ ಭಾಳ ಸಿಟ್ಟಿನ ಮನಿಷ್ಯಾ ಏನು?" ಎಂದೆ.

"ಇಲ್ರಿ. ಛಲೋ ಮನಿಷ್ಯಾರ್ರಿ. ಕತಿ ಹೇಳ್ತಾರ್ರಿ. ಅವರು ಕಟ್ಟಿ ಮ್ಯಾಲ ಕುಂತು ಹೇಳೂದನ್ನ ನಾ ಒಲಿ ಮುಂದ ಕುಂತು ಎಲ್ಲಾ ಕೇಳೇನ್ರಿ. ಅವರ ಕತ್ಯಾಗ ರಾಜನ ಸೊಸಿ ಗಂಡಸಿನ ವೇಷ ಹಾಕ್ಕೊಂಡು, ಕುದುರಿ ಹತ್ತಿ, ಏಳು ಸಮುದ್ರ ದಾಟಿ ಹೋಗ್ತಾಳ್ರಿ. ಹಂತಾ ಕತಿ ಹೇಳಾವ್ರು ಬಿಜಾಪುರಕ್ಕ ಹೋಗಬ್ಯಾಡ ಅಂತಾರೇನ್ರಿ?"

ಆ ಕಥೆಯನ್ನು ನನ್ನ ಅಜ್ಜ ನನಗೆ ಹೇಳಿದ್ದ. ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಕೇಳಿದವರು ಹೂಂಗುಟ್ಟಿದ್ದಾರೆ, ನಕ್ಕಿದ್ದಾರೆ, ತೂಕಡಿಸಿದ್ದಾರೆ. ಅದನ್ನು ನಂಬಿದವಳು ಒಬ್ಬಳು ಒಲೆಯ ಮುಂದೆ ಕೂತಿದ್ದಳು ಎಂದು ನನಗೆ ಯಾರು ಹೇಳಬೇಕು? ಹೇಳಿದ ನಾನೇ ನಂಬಿರಲಿಲ್ಲವಲ್ಲ.

"ನಿಮ್ಮ ಮಾವನ್ನ ನಾ ಬಲ್ಲೆ. ಕೇಳಿ ಬರ್ತೇನಿ, ನಿಂದ್ರು" ಎಂದೆ. ಎದ್ದು ಹೊರಗೆ ಹೋದೆ. ಕನ್ನಡಕ ತೆಗೆಯಲಿಲ್ಲ. ತೆಗೆದರೆ ಮಾವನಾಗಿಬಿಡುತ್ತಿದ್ದೆ. ಕೈಯಿಂದ ತಡವುತ್ತ ಕುರಿಹಟ್ಟಿಯವರೆಗೆ ಹೋದೆ. ಬೇಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತೆ. ಮತ್ತೆ ಬಂದು ಕುರ್ಚಿಯಲ್ಲಿ ಕೂತೆ. "ಕೇಳೀನವಾ. ಹೋಗ್ಲಿ ಅಂದಾರ. ಆದ್ರ ಒಂದು ಕರಾರು. ಹೋಗಿ ಬಂದ ಮ್ಯಾಲ ಅಲ್ಲಿ ಏನೇನಾತು ಅಂತ ಪೂರಾ ಕತಿ ಹೇಳಬೇಕಂತ."

"ಯಾರ ಮುಂದ ಹೇಳ್ಲಿರಿ?"

"ಸಾಹೇಬನ ಮುಂದ."

ಬಿಜಾಪುರಕ್ಕೆ ನಾವು ಮೂವರು ಹೋದೆವು. ಬಸ್ಸಿನಲ್ಲಿ ನನ್ನ ಮತ್ತು ಸೊಸೆಯ ನಡುವೆ ಶೇವಂತೆವ್ವ ಕೂತಳು. ಕಚೇರಿಯ ಅಂಗಳದಲ್ಲಿ ಒಂದು ಬೇವಿನ ಗಿಡ. ಅದರ ನೆರಳಿನಲ್ಲಿ ಸಂದರ್ಶನಕ್ಕೆ ಬಂದವರ ಮನೆಯ ಜನ, ಬೇರೆ ಕೆಲಸಕ್ಕೆ ಬಂದವರು, ಗಂಟುಮೂಟೆ, ಬುತ್ತಿ. ಸೊಸೆಯ ಹೆಸರು ಕೂಗಿದರು. ಅವಳು ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಅಲ್ಲಿ ಕನ್ನಡಕ ಹಾಕಿದವರಿಗೆ ಅವಳ ಮುಖ ಕಾಣುತ್ತದೆ. ಅವಳಿಗೆ ಅವರ ಮುಖ ಕಾಣುತ್ತದೆ. ಇದನ್ನು ನಾನು ಕಲಿಸಿರಲಿಲ್ಲವಲ್ಲ!

ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಕಿಟಕಿಯಿಂದ ಬಂತು ನೋಡಿ. "ಇಂಡಿ, ಲಚ್ಯಾಣ! ಇಂಡಿ, ಲಚ್ಯಾಣ! ಹತ್ರಿ, ಲಗೂನ ಹತ್ರಿ, ಬಸ್ ಹೊಂಟಿತು!"

ಗಿಡದ ಕೆಳಗಿನ ಜನ ದಡಬಡನೆ ಎದ್ದರು. ಒಬ್ಬ ಮುದುಕಿ ಗಂಟು ತಲೆಗೆ ಏರಿಸಿಕೊಂಡಳು. ಒಬ್ಬಾತ ಅರ್ಧ ತಿಂದ ರೊಟ್ಟಿಯನ್ನು ಕಿಸೆಗೆ ತುರುಕಿದ. ಆ ದನಿ ಯಾರದು ಎಂದು ಬಲ್ಲ ನಾನು, ಅಲ್ಲಿ ಬಸ್ಸೇ ಇಲ್ಲ ಎಂದು ಬಲ್ಲ ನಾನು, ನಾನೂ ಕಂಬಳಿ ಹೆಗಲಿಗೆ ಹಾಕಿಕೊಂಡು ನಿಂತಿದ್ದೆ. ಶೇವಂತೆವ್ವ ನನ್ನ ಧೋತರ ಹಿಡಿದು ಎಳೆದಳು. "ಎಲ್ಲಿಗೆ ಹೊಂಟ್ರಿ? ಕುಂದರ್ರಿ!" ಎಂದಳು. ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು.

ಕರಾರಿನ ಪ್ರಕಾರ ಅಂದು ಸಂಜೆ ನಾನು ಕನ್ನಡಕ ಹಾಕಿಕೊಂಡು ಕೂತೆ. ಅವಳು ಪೂರ್ತಿ ಹೇಳಿದಳು. "ಇಷ್ಟು ಧೈರ್ಯದಿಂದ ಮಾತಾಡಲು ನಿಮಗೆ ಯಾರು ಕಲಿಸಿದರು?" ಎಂದು ಅವರು ಕೇಳಿದರಂತೆ. "ಒಬ್ರು ಸಾಹೇಬ್ರು ದಿನಾ ಕಲಸ್ಯಾರ್ರಿ" ಎಂದಳಂತೆ. "ಯಾವ ಇಲಾಖೆಯವರು?" "ಕುರಿ ಇಲಾಖಿಯವ್ರು ರೀ." ಮೂರು ಜನವೂ ನಕ್ಕು, ಹಾಗಾದರೆ ಬಸ್ ಸ್ಟ್ಯಾಂಡಿನಲ್ಲಿ ಜನರನ್ನು ಹೇಗೆ ಕರೆಯುತ್ತೀರಿ, ಕರೆದು ತೋರಿಸಿ ಎಂದರಂತೆ. ಮುಂದಿನದು ನಿಮಗೆ ಗೊತ್ತು.

ಆರ್ಡರ್ ಬಂದ ದಿನವೇ ಬಸಂತರಾಯರ ಕುರ್ಚಿ, ಕೋಟು, ಕನ್ನಡಕ ಅವರ ಮನೆಗೆ ಹೋದವು. ಸಾಹೇಬನ ನೌಕರಿ ಮುಗಿಯಿತು. ಮಕ್ಕಳೇ, ಈ ಮಾತು ಯಾರೂ ನಿಮಗೆ ಹೇಳುವುದಿಲ್ಲ. ಅವಳಿಗೆ ನೌಕರಿ ಸಿಕ್ಕ ದಿನ ನನ್ನ ನೌಕರಿ ಹೋಯಿತು. ಮನೆಯಲ್ಲಿ ನಾನು ಮತ್ತೆ ಮಾವ, ಅವಳು ಮತ್ತೆ ಸೊಸೆ. ಖಾಕಿ ತೆಗೆದಿಟ್ಟು ಸೆರಗು ಹೊದ್ದಳೆಂದರೆ ತಂಬಿಗೆ ಹೊಸ್ತಿಲಿಗೆ ಬಂದು ಕೂರುತ್ತದೆ, ಬಳೆ ಸದ್ದಾಗುತ್ತದೆ, ಅಷ್ಟೇ. ಮಾತಾಡವ್ವಾ ಎಂದು ಹೇಳಲು ನನಗೂ ನಾಚಿಕೆ. ಇಷ್ಟು ಕಥೆ ಹೇಳುವ ಬಾಯಿಗೆ ಆ ಒಂದು ಮಾತು ಇನ್ನೂ ಬಂದಿಲ್ಲ.

ಈಗ ನಮ್ಮೂರಲ್ಲಿ ಕೆಲವರು, ಈ ಚಂದಪ್ಪನಿಗೆ ಮುಪ್ಪಿನಲ್ಲಿ ಇಂಡಿಯಲ್ಲಿ ಏನು ಅಷ್ಟು ಕೆಲಸ ಎಂದು ಆಡಿಕೊಳ್ಳುತ್ತಾರೆ. ಕೋರ್ಟಿನ ಖಟ್ಲೆ ಇದೆ ಎನ್ನುವವರಿದ್ದಾರೆ. ದವಾಖಾನೆಗೆ ಎನ್ನುವವರಿದ್ದಾರೆ. ಇವತ್ತು ಮೈಕು ಸಿಕ್ಕಿದೆ, ಹೇಳಿಯೇ ಬಿಡುತ್ತೇನೆ. ಇಂಡಿಯಲ್ಲಿ ನನಗೆ ಯಾವ ಕೆಲಸವೂ ಇಲ್ಲ. ಸೊಸೆಯ ಬಸ್ಸು ಬಂದರೆ ಹತ್ತುತ್ತೇನೆ. ಗಂಡಸರ ಗುಂಪನ್ನು ಸೀಳಿಕೊಂಡು, ಮುಂದ ಸರೀರಿ, ಮುಂದ ಸರೀರಿ ಎನ್ನುತ್ತ ಅವಳು ನನ್ನ ಹತ್ತಿರ ಬರುತ್ತಾಳೆ. "ಎಲ್ಲಿಗಿರಿ?" ಎಂದು ಕೇಳುತ್ತಾಳೆ. ನಾನು "ಇಂಡಿ" ಎನ್ನುತ್ತೇನೆ. ಅವಳು ಚೀಟಿ ಹರಿದು ಕೊಡುತ್ತಾಳೆ. ಇಂಡಿಯಲ್ಲಿ ಇಳಿದು ಒಂದು ಚಹಾ ಕುಡಿದು ಅದೇ ಬಸ್ಸಿಗೆ ತಿರುಗಿ ಹತ್ತುತ್ತೇನೆ. ಅವಳು ಮತ್ತೆ "ಎಲ್ಲಿಗಿರಿ?" ಎನ್ನುತ್ತಾಳೆ. ಎಲ್ಲಿಗೆ ಎಂದು ಅವಳಿಗೆ ಗೊತ್ತಿಲ್ಲವೇ? ಗೊತ್ತಿದೆ. ಆದರೂ ಕೇಳುತ್ತಾಳೆ.

ನನ್ನಂಥವನನ್ನು ವೇದಿಕೆಗೆ ಕರೆದ ಮುಖ್ಯೋಪಾಧ್ಯಾಯರಿಗೂ, ನಿದ್ದೆ ಮಾಡದೆ ಕೇಳಿದ ಮಕ್ಕಳಿಗೂ ನಾನು ಋಣಿ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ನಾನೂ ನೋಡುತ್ತಿದ್ದೇನೆ. ಸಂಜೆಯ ಬಸ್ಸು ಬರುವ ಹೊತ್ತಾಯಿತು. ಹಾರ ತುರಾಯಿ ಏನಿದ್ದರೂ ಶೇವಂತೆವ್ವನ ಕೈಗೆ ಕೊಡಿ, ನನಗೆ ಇಂಡಿಯಲ್ಲಿ ಅವಸರದ ಕೆಲಸವಿದೆ.

ಎಲ್ಲರಿಗೂ ನಮಸ್ಕಾರ.