ಸಿಮೆಂಟ್ ಹಾಕಿದ ಹಲ್ಲು

ಲವಂಗದೆಣ್ಣೆಯ ವಾಸನೆಯೆಂದರೆ ನನಗೆ ಬಾಲ್ಯದ ಹಲ್ಲುನೋವು. ಶಿರಸಿಯ ದಂತವೈದ್ಯರಲ್ಲಿ ಕಾಯುವಾಗಲೂ ಅದೇ ವಾಸನೆಯಿತ್ತು. ಪಕ್ಕದಲ್ಲಿ ಒಬ್ಬ ಹೆಂಗಸು, ಅವರ ಮಗ ನಂದನ, ಮೈದುನನ ಮಗಳು ಸ್ಫೂರ್ತಿ. ಮಕ್ಕಳಿಬ್ಬರ ದವಡೆ ಹಲ್ಲಿಗೂ ಹುಳುಕು ಹಿಡಿಯದಂತೆ ಆಗಷ್ಟೇ ಲೇಪ ಹಾಕಿದ್ದರು.

“ಇಬ್ಬರಿಗೂ ಒಂದೇ ನಮೂನಿದು ಹಾಕಿದ್ರಾ?” ಹೆಂಗಸು ನರ್ಸ್ ದಾಕ್ಷಾಯಿಣಿಯನ್ನು ಕೇಳಿದರು.

“ಇಲ್ರಿ. ಹುಡುಗಗ ರೆಸಿನ್, ಭಾಳ ದಿನ ಬರ್ತದ. ಅದಕ್ಕ ಹಲ್ಲು ಒಣಗಿರಬೇಕು. ನೀವು ಗದರಿಸಿದ್ದಕ್ಕ ಹುಡುಗಿ ಅತ್ತು ಬಾಯೆಲ್ಲಾ ಹಸಿ ಆತು. ಆಕಿಗೆ ಸಿಮೆಂಟ್. ಲಗೂ ಸವೀತದ.”

“ಇದರ ತಾಯಿ ಸತ್ತಾಗ ಅಳಲಿಕ್ಕೆ ಶುರು ಮಾಡಿದ್ದು, ಇನ್ನೂ ನಿಲ್ಲಿಸಲಿಲ್ಲ.”

“ಸಿಮೆಂಟ್ ಗಟ್ಟಿ ಆಗಾಕ ಒಂದು ತಾಸು ಬೇಕ್ರಿ. ಅಲ್ಲೀತನಕ ಆಕಿ ಏನೂ ತಿನ್ನಂಗಿಲ್ಲ. ಹುಡುಗ ಈಗ ತಿನ್ನಬಹುದು.”

ಹೆಂಗಸು ಬುತ್ತಿ ಬಿಚ್ಚಿದರು. “ನಂದನಾ, ದೋಸೆ ಎಲ್ಲಾ ತಿಂದು ಮುಗಿಸು.”

“ಆಯಿ, ಇದು ಸ್ಫೂರ್ತಿದು.”

“ಅಷ್ಟೊತ್ತು ಇಟ್ರೆ ಹಳಸ್ತು.”

“ದೊಡ್ಡಾಯಿ, ಯಂಗೆ ಹಶಿವು.”

“ಕಣ್ಣೀರು ಇದ್ದಲೆ, ಅದನ್ನೇ ನುಂಗು.”

ಬಸ್ಸಿಗೆ ಹೊತ್ತಾಯಿತೆಂದು ಅವರು ಮಗನ ಕೈಹಿಡಿದು ಹೊರಟರು. ಹುಡುಗಿ ಚಪ್ಪಲಿ ಹಾಕಿಕೊಳ್ಳುತ್ತ ಹಿಂದುಳಿದಳು. ದಾಕ್ಷಾಯಿಣಿ ತನ್ನ ಮಧ್ಯಾಹ್ನದ ರೊಟ್ಟಿ ಪಲ್ಯವನ್ನು ಕಾಗದದಲ್ಲಿ ಸುತ್ತಿ ಅವಳ ಚೀಲದೊಳಗಿಟ್ಟಳು.